ಪೂಜಾರಿ ಹಡಗಿನ ಒಂದು ಸುತ್ತು

ಶತ್ರುವಿನ ಯುದ್ಧದ ಹಡಗುಗಳ ಮೇಲೆ ಗುಂಡು ಹಾಳು ಮಾಡಬೇಡಿ, ಅವನ್ನು ರಿಪೇರಿ ಮಾಡಲು ಬರುವ ಹಡಗುಗಳನ್ನು ಮೊದಲು ಹೊಡೆಯಿರಿ ಎಂದು ನಾಡಿಗೆಲ್ಲ ಕಲಿಸಿಕೊಟ್ಟವಳು ಹುಬ್ಬಳ್ಳಿಯ ಮಹಾನಂದಾ ಬಡಿಗೇರ. ಆ ರಿಪೇರಿ ಹಡಗುಗಳನ್ನು ನಡೆಸುತ್ತಿದ್ದದ್ದು ಯಂತ್ರವಲ್ಲ. ಲಕ್ವಾ ಹೊಡೆದು ಕೈಯ ಸ್ವಾಧೀನ ಕಳೆದುಕೊಂಡು, ಅದನ್ನು ಮತ್ತೆ ಪಡೆಯಲು ಹೆಣಗುತ್ತಿದ್ದ ಮನುಷ್ಯರು. ಅವರಲ್ಲಿ ಒಬ್ಬರು ಅವಳ ಅಪ್ಪ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗುಟ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದವಳು ಮಹಾನಂದಾ. ಕಥೆ ಹೇಳುವವರಿಗೂ ಆ ಚಾಳಿ ಬೇಡ.

ಪರದೆಯ ಮೇಲೆ ಆಡುವ ಈ ಆಟದ ಹೆಸರು ಶನಿಬಳೆ. ಶನಿಗ್ರಹದ ಸುತ್ತ ಇರುವ ಬಳೆಯಲ್ಲಿ, ಮಂಜುಗಡ್ಡೆಯ ಬಂಡೆಗಳ ನಡುವೆ, ಎರಡು ಪಡೆಗಳು ಕಾದಾಡುತ್ತವೆ. ಹಿಂದೊಂದು ಕಾಲಕ್ಕೆ ಕ್ರಿಕೆಟ್ಟಿಗೆ ಇದ್ದ ಹುಚ್ಚು ಆಗ ಇದಕ್ಕಿತ್ತು. ದೊಡ್ಡ ಊರಿಗೊಂದು ತಂಡ, ತಂಡಕ್ಕೆ ಐದು ಜನ ಆಟಗಾರರು, ಅವರ ಬೆನ್ನ ಹಿಂದೆ ನಿಂತು ವ್ಯೂಹ ಹೇಳಿಕೊಡುವವರು ಒಬ್ಬರು. ಹುಬ್ಬಳ್ಳಿ ತಂಡದ ವ್ಯೂಹ ಮಹಾನಂದಾಳದು. ‘ಮುಂಜಾನೆದ್ದು ಶನಿ ಹೆಸರ ತಗೀತಿಯಲ್ಲವಾ, ಬ್ಯಾರೆ ಆಟ ಸಿಗಲಿಲ್ಲೇನ ನಿನಗ?’ ಎಂದು ಅವಳ ಅವ್ವ ಗಂಗವ್ವ ದಿನಾ ಗೊಣಗುತ್ತಿದ್ದಳು. ಅವ್ವನ ಮಾತಿಗೆ ತಕ್ಕಂತೆ ಹುಬ್ಬಳ್ಳಿ ತಂಡ ಮೂರು ವರ್ಷ ಮೊದಲ ಸುತ್ತಿಗೇ ಸೋತು, ಚಹಾ ಕುಡಿದು, ಊರಿಗೆ ಮರಳಿತ್ತು.

ನಾಲ್ಕನೆಯ ವರ್ಷ ಮಹಾನಂದಾಳಿಗೆ ಒಂದು ವಿಷಯ ಹೊಳೆಯಿತು. ಒಂದೊಂದು ಪಡೆಗೆ ಹತ್ತು ಯುದ್ಧದ ಹಡಗು, ನಾಲ್ಕು ರಿಪೇರಿ ಹಡಗು. ರಿಪೇರಿ ಹಡಗುಗಳು ತಂಡದ ಕೈಯಲ್ಲಿಲ್ಲ, ಅವು ಆಟದ ಸಂಘ ಕೊಡುವ ನೆರವು. ಯಾವ ಹಡಗಿಗೆ ಏಟು ಬಿತ್ತೋ ಅಲ್ಲಿಗೆ ತಾವಾಗಿ ಬರುತ್ತವೆ, ಉದ್ದನೆಯ ಕೈ ಚಾಚಿ ಬೆಸುಗೆ ಹಾಕುತ್ತವೆ, ಹೋಗುತ್ತವೆ. ಎಲ್ಲರೂ ಅವನ್ನು ಯಂತ್ರ ಎಂದುಕೊಂಡಿದ್ದರು. ಇಡೀ ಬಳೆಯಲ್ಲಿ ಗೆಲ್ಲಬೇಕು ಎಂಬ ಆಸೆ ಇಲ್ಲದವು ಅವು ಮಾತ್ರ. ಯಾರಾದರೂ ಕುಂಟಿದರೆ ಹೋಗಲೇಬೇಕು, ಅಷ್ಟೇ ಅವಕ್ಕೆ ಗೊತ್ತು.

‘ಹಂಗಾರ ಕುಂಟೋ ಹಡಗನ್ನ ಯಾಕ ಮುಳುಗಿಸಬೇಕು?’ ಎಂದಳು ಮಹಾನಂದಾ ತಂಡದವರಿಗೆ. ‘ಒಂದು ಕಾಲು ಮುರದು ಬಿಡ್ರಿ. ಅಲ್ಲೇ ಬಿದ್ದಿರಲಿ. ರಿಪೇರಿ ಹಡಗು ಬರತೈತಿ, ಅದನ್ನ ಹೊಡೀರಿ. ಕುಂಟ ಇನ್ನೂ ಅಲ್ಲೇ ಐತಿ, ಎರಡನೇದು ಬರತೈತಿ. ಅದನ್ನೂ ಹೊಡೀರಿ.’

ನಾಲ್ಕು ರಿಪೇರಿ ಹಡಗು ಹೋದ ಮೇಲೆ ಉಳಿದ ಪಡೆಗೆ ಹತ್ತು ನಿಮಿಷದ ಆಯುಸ್ಸು. ತಂಡದ ಗುರಿಕಾರ ಅಲ್ತಾಫ ನದಾಫ ಇದಕ್ಕೆ ‘ಕುಂಟೆತ್ತು’ ಎಂದು ಹೆಸರಿಟ್ಟ. ಫೆಬ್ರುವರಿಯಿಂದ ಹುಬ್ಬಳ್ಳಿ ಸಾಲಾಗಿ ಏಳು ಪಂದ್ಯ ಗೆದ್ದಿತು. ಮಹಾನಂದಾ ಹಿಗ್ಗಿನಲ್ಲಿ ಕುಂಟೆತ್ತನ್ನು ಹೇಗೆ ಆಡಬೇಕೆಂದು ಚಿತ್ರ ಸಮೇತ ಹದಿನಾಲ್ಕು ಪುಟ ಬರೆದು ಎಲ್ಲರಿಗೂ ಸಿಗುವಂತೆ ಹಂಚಿದಳು. ಯುಗಾದಿ ಕಳೆದದ್ದೇ ಬೀದರಿನಿಂದ ಚಾಮರಾಜನಗರದವರೆಗೆ ಮನೆಮನೆಯಲ್ಲೂ ರಿಪೇರಿ ಹಡಗುಗಳು ಉರಿಯತೊಡಗಿದವು. ಚಹಾದಂಗಡಿಗೆ ಹೋದರೆ ‘ಕುಂಟೆತ್ತು ಮೇಡಂ ಬಂದ್ರು’ ಎಂದು ಜನ ಜಾಗ ಬಿಡುತ್ತಿದ್ದರು. ಅವಳಿಗೆ ಅದು ಇಷ್ಟವಾಗುತ್ತಿತ್ತು. ಮೂವತ್ತೇಳು ವರ್ಷದಲ್ಲಿ ಯಾರೂ ಅವಳಿಗಾಗಿ ಬೆಂಚಿನಿಂದ ಎದ್ದಿರಲಿಲ್ಲ.

ಇನ್ನು ಮನೆಯ ಕಡೆ ಬರೋಣ.

ಅಪ್ಪ ಮೌನೇಶಪ್ಪ ನಲವತ್ತೊಂದು ವರ್ಷ ರೈಲ್ವೆ ವರ್ಕ್‌ಶಾಪಿನಲ್ಲಿ ಬೋಗಿ ರಿಪೇರಿ ಮಾಡಿದವರು. ಅವರದೊಂದು ಪದ್ಧತಿ ಇತ್ತು. ಯಾವ ಗಾಡಿ ಬಂದರೂ, ಏನು ಕೆಟ್ಟಿದೆ ಎಂದು ಚೀಟಿಯಲ್ಲಿ ಬರೆದಿದ್ದರೂ, ಮೊದಲು ಅದರ ಸುತ್ತ ಒಂದು ಸುತ್ತು ಬರುವುದು. ಒಂದೊಂದು ಗಾಲಿಗೂ ಸುತ್ತಿಗೆಯಿಂದ ಮೂರು ಸಲ ತಟ್ಟಿ ಕಿವಿಗೊಡುವುದು. ಗಟ್ಟಿ ಗಾಲಿ ಠಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ದಬ್ ಎನ್ನುತ್ತದೆ. ‘ಗುಡಿಗೆ ಹ್ವಾದ್ರ ಒಂದ್ ಸುತ್ತು ಹಾಕ್ತೀಯಿಲ್ಲೋ? ಗಾಡಿಗೂ ಹಾಕು. ಚೀಟ್ಯಾಗ ಬರದಿದ್ದು ಒಂದ ಕಡೆ ಇರತೈತಿ, ರೋಗ ಇನ್ನೊಂದ ಕಡೆ ಇರತೈತಿ’ ಎನ್ನುತ್ತಿದ್ದರು. ಮಗಳ ಶಾಲೆಯ ಸೈಕಲ್ಲು ಪಂಚರಾದರೂ ಹಾಗೇ, ಸ್ಕೂಟರಿಗೂ ಹಾಗೇ. ಚಿಕ್ಕವಳಿದ್ದಾಗ ಮಹಾನಂದಾ ಅಪ್ಪನ ಬೆನ್ನ ಹಿಂದೆ ತಾನೂ ಸುತ್ತುತ್ತಿದ್ದಳು.

ವರ್ಕ್‌ಶಾಪಿನ ಅವರ ಗ್ಯಾಂಗಿನಲ್ಲಿ ಇನ್ನೊಂದು ರೂಢಿ ಇತ್ತು. ಸರಿ ಇದೆ ಎಂದು ಸಹಿ ಹಾಕಿ ಬಿಟ್ಟ ಗಾಡಿ ಕೆಟ್ಟು ಮರಳಿ ಬಂದರೆ, ಸಹಿ ಹಾಕಿದವನು ಚಹಾದ ಹೊತ್ತಿಗೆ ಎಲ್ಲರೆದುರು ಸ್ಟೂಲ್ ಹತ್ತಿ ನಿಂತು, ತನ್ನ ಹೆಸರು, ತನ್ನ ತಪ್ಪು ಎರಡನ್ನೂ ಹೇಳಬೇಕು. ಯಾರೂ ಬೈಯುವಂತಿಲ್ಲ. ಇಳಿದ ಮೇಲೆ ಅವನಿಗೊಂದು ಕಪ್ ಚಹಾ ಕೊಡಬೇಕು, ಅಲ್ಲಿಗೆ ಮಾತು ಮುಗಿಯಿತು. ಮೌನೇಶಪ್ಪ ನಲವತ್ತೊಂದು ವರ್ಷದಲ್ಲಿ ಒಂದೇ ಸಲ ಸ್ಟೂಲ್ ಹತ್ತಿದ್ದರು. ಅದನ್ನು ನೆನೆದರೆ ಈಗಲೂ ಅವರ ಕಿವಿ ಕೆಂಪಾಗುತ್ತಿತ್ತು.

ಸಂಕ್ರಾಂತಿಯ ಮರುದಿನ ಅವರಿಗೆ ಲಕ್ವಾ ಹೊಡೆಯಿತು. ಮಾತು ಉಳಿಯಿತು, ಕಾಲು ಹೇಗೋ ಬಂತು, ಬಲಗೈ ಮಾತ್ರ ಬೇರೆಯವರದ್ದನ್ನು ತಂದು ಜೋಡಿಸಿದಂತೆ ಮಡಿಲಲ್ಲಿ ಬಿದ್ದುಕೊಂಡಿತು. ಊರಿನಲ್ಲಿ ಹೊಸದಾಗಿ ತೆರೆದಿದ್ದ ಕೈಚೇತನ ಕೇಂದ್ರಕ್ಕೆ ಸೇರಿಸಿದರು. ಅಲ್ಲಿಯ ಡಾಕ್ಟರು ಬೆನಕಟ್ಟಿ ಮೇಡಂ ತಾಯಿ ಮಗಳಿಬ್ಬರನ್ನೂ ಕೂಡಿಸಿಕೊಂಡು ಬಿಡಿಸಿ ಹೇಳಿದರು.

‘ಕೈ ಸತ್ತಿಲ್ರಿ. ಮಿದುಳಿನಿಂದ ಕೈಗೆ ಹೋಗೋ ದಾರಿ ಮುರದೈತಿ. ಆರು ತಿಂಗಳದೊಳಗ ಮಿದುಳು ಬ್ಯಾರೆ ದಾರಿ ಮಾಡ್ಕೋತೈತಿ. ಆದ್ರ ಸುಮ್ನ ಕೈ ಎತ್ತಿಳಿಸಿದ್ರ ಮಾಡ್ಕೊಳ್ಳಂಗಿಲ್ಲ. ಖರೇನ ಬೇಕಾಗಿ ಮಾಡೋ ಕೆಲ್ಸ ಇರಬೇಕು. ಕೆಲ್ಸ ಮುಗೀತು, ಯಾರಿಗೋ ಉಪಯೋಗಾತು ಅಂತ ಅನಿಸಬೇಕು. ಅಂಥಾ ಕೆಲ್ಸ ನಾವು ಕೊಡ್ತೀವಿ. ಏನು ಅಂತ ಮನ್ಯಾಗ ಕೇಳಬ್ಯಾಡ್ರಿ, ಅವರೂ ಹೇಳೂದಿಲ್ಲ. ಅದು ಇಲ್ಲಿ ನಿಯಮ.’

ಆಮೇಲೆ ಒಂದು ಮಾತು ಸೇರಿಸಿದರು. ‘ಕೈ ಸೋಲೋದನ್ನೂ ಕಲೀತೈತ್ರಿ. ಮಾಡಿದ್ದೆಲ್ಲಾ ಕೆಟ್ಟಹೋದ್ರ, ಈ ಕೈ ಉಪಯೋಗಿಲ್ಲ ಅಂತ ಮಿದುಳು ಆ ದಾರಿ ಮುಚ್ಚಿಬಿಡತೈತಿ. ಆಮ್ಯಾಲೆ ತಗಿಯೂದು ಭಾಳ ಕಷ್ಟ.’

ಆ ಕೆಲಸ ಯಾವುದೆಂದು ಓದುವವರಿಗೆ ಈಗಾಗಲೇ ಗೊತ್ತು. ಕೇಂದ್ರದಲ್ಲಿ ಹದಿನಾಲ್ಕು ಕುರ್ಚಿ, ಹದಿನಾಲ್ಕು ಪರದೆ. ಬಲವಿಲ್ಲದ ಕೈಗೆ ತೆಳುವಾದ ಒಂದು ಕೈಗವಸು ಹಾಕುತ್ತಾರೆ. ಬೆರಳು ಕೂದಲೆಳೆಯಷ್ಟು ಅಲುಗಿದರೂ ಗವಸು ಅದನ್ನು ಹಿಡಿದು ಶನಿಬಳೆಯಲ್ಲಿರುವ ರಿಪೇರಿ ಹಡಗಿನ ಉದ್ದನೆಯ ಕೈಗೆ ಕೊಡುತ್ತದೆ. ಮೊದಲು ಯಂತ್ರದ ಎದುರು ಆಡಿಸಿ ನೋಡಿದ್ದರಂತೆ. ಗೆಲ್ಲಿಸಲೆಂದೇ ಮಾಡಿದ ಆಟ ಎಂದು ಎರಡನೆಯ ದಿನವೇ ರೋಗಿಗಳಿಗೆ ಗೊತ್ತಾಗಿ ಕೈ ಮತ್ತೆ ಮಲಗಿತಂತೆ. ಅದಕ್ಕೇ ನಿಜವಾದ ಆಟಕ್ಕೆ ಬಿಟ್ಟರು. ಎದುರಾಳಿಗಳಿಗೆ ಗೊತ್ತಾದರೆ ಅಯ್ಯೋ ಪಾಪ ಎಂದು ಕೈ ತಡೆದಾರು, ಆಗ ಮತ್ತೆ ಅದೇ ಕಥೆ. ಆದ್ದರಿಂದ ಗುಟ್ಟು. ಆಟ ಯಾವುದು, ಎದುರಿಗೆ ಯಾರು ಎಂದು ರೋಗಿಗಳಿಗೂ ಹೇಳುತ್ತಿರಲಿಲ್ಲ.

ದಿನಾ ಹತ್ತೂವರೆಗೆ ಮಹಾನಂದಾ ಅಪ್ಪನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಕೇಂದ್ರದ ಬಾಗಿಲಿಗೆ ಬಿಡುತ್ತಿದ್ದಳು. ಹನ್ನೊಂದಕ್ಕೆ ತಂಡದ ಕೋಣೆಯಲ್ಲಿ ಪರದೆಗಳ ಮುಂದೆ ನಿಂತು, ರಿಪೇರಿ ಹಡಗು ಎಲ್ಲಿದೆ ಎಂದು ಹುಡುಕುತ್ತಿದ್ದಳು.

ಶುರುವಿನಲ್ಲಿ ಎಲ್ಲ ಚೆನ್ನಾಗಿತ್ತು. ಆಗ ಕುಂಟೆತ್ತು ಆಡುತ್ತಿದ್ದ ತಂಡ ಹುಬ್ಬಳ್ಳಿಯೊಂದೇ. ಸಂಜೆ ಅಪ್ಪ ಜಗಲಿಗೆ ಕೂತು ‘ಇವತ್ತ ಮೂರು ಗಾಡಿ ಬಿಟ್ಟೆ’ ಎನ್ನುತ್ತಿದ್ದರು, ವರ್ಕ್‌ಶಾಪಿನಿಂದ ಬಂದಾಗ ಹೇಳುತ್ತಿದ್ದ ಧಾಟಿಯಲ್ಲೇ. ಮಹಾನಂದಾ ಮತ್ತು ಅವ್ವ ಮುಖ ಮುಖ ನೋಡಿಕೊಂಡು ನಗುತ್ತಿದ್ದರು. ಕೇಂದ್ರದಲ್ಲಿ ಆಟಿಕೆಯ ರೈಲು ಕೊಟ್ಟಿರಬೇಕೆಂದು ಅವರ ಎಣಿಕೆ. ಯುಗಾದಿಯ ದಿನ ಮೌನೇಶಪ್ಪ ಬೇವುಬೆಲ್ಲವನ್ನು ಬಲಗೈಯಿಂದಲೇ ಹಂಚಿದರು. ಅರ್ಧ ನೆಲಕ್ಕೆ ಬಿತ್ತು. ಅವ್ವ ಬಿದ್ದದ್ದನ್ನು ಆರಿಸಿಕೊಂಡು ಬಾಯಿಗೆ ಹಾಕಿ ಅತ್ತಳು.

ಹದಿನಾಲ್ಕು ಪುಟಗಳು ನಾಡೆಲ್ಲ ಹರಡಿದ್ದು ಅದಾದ ಮೇಲೆ. ಏಪ್ರಿಲ್ ಕೊನೆಗೆ ಮೂರು ಗಾಡಿ ಒಂದಾಯಿತು. ಮೇ ತಿಂಗಳಲ್ಲಿ ‘ಒಂದೂ ಹೋಗಲಿಲ್ಲ’ ಎಂದರು. ಆಮೇಲೆ ಹೇಳುವುದನ್ನೇ ಬಿಟ್ಟರು. ಚಹಾದ ಲೋಟ ಬಲಗೈಯಿಂದ ಎಡಗೈಗೆ ದಾಟಿತು. ಒಂದು ಸಂಜೆ ಮಾತ್ರ ತಾವಾಗಿ ಬಾಯಿಬಿಟ್ಟರು. ‘ನನ್ನ ಕೆಲ್ಸ ಕೆಡಸಾಕ ಒಬ್ಬ ಅದಾನವಾ. ಯಾರೋ ಗೊತ್ತಿಲ್ಲ. ಭಾಳ ಶಾಣ್ಯಾ ಅದಾನ. ನಾ ಯಾವಾಗ ಎಲ್ಲಿ ನಿಂದರತೀನಿ ಅಂತ ನನಗಿಂತ ಛಲೋ ಅವಗ ಗೊತ್ತೈತಿ.’

‘ಅಂಥವಗ ಏನ ಕೊಡಬೇಕಪ್ಪಾ?’ ಎಂದು ಮಹಾನಂದಾ ಚೇಷ್ಟೆಗೆ ಕೇಳಿದಳು.

‘ಏನ ಕೊಡೋದು? ಕೆಲ್ಸ ನೋಡಿ ಕಲ್ತಾನ. ಕಲ್ತಿದ್ದನ್ನ ಕೆಡಸಾಕ ಬಳಸ್ಯಾನ’ ಎಂದು ಅಪ್ಪ ಒಳಗೆ ಹೋದರು.

ಅತ್ತ ತಂಡದ ಕೋಣೆಯಲ್ಲಿ ಒಂದು ರಿಪೇರಿ ಹಡಗು ಎಲ್ಲರಿಗೂ ಗುರುತಾಗಿತ್ತು. ಬೇರೆ ಹಡಗುಗಳು ನೇರ ಬಂದು ಏಟು ಬಿದ್ದ ಕಡೆ ಬೆಸುಗೆ ಹಾಕಿದರೆ, ಇದು ಮೊದಲು ಕುಂಟ ಹಡಗಿನ ಸುತ್ತ ಒಂದು ಸುತ್ತು ಬರುತ್ತಿತ್ತು. ಅಷ್ಟಕ್ಕೆ ಇಪ್ಪತ್ತು ಸೆಕೆಂಡು. ಹೊಡೆಯುವವರಿಗೆ ಅದಕ್ಕಿಂತ ಹಬ್ಬ ಬೇಕೆ? ಅಲ್ತಾಫ ಅದಕ್ಕೆ ‘ಪೂಜಾರಿ’ ಎಂದು ಹೆಸರಿಟ್ಟ. ‘ಪೂಜಾರಿ ಬಂದಾನ, ಮಂಗಳಾರತಿ ಮಾಡ್ರಿ!’ ಎಂದರೆ ಕೋಣೆಯಲ್ಲಿ ಎಲ್ಲರೂ ಗೊಳ್ಳೆಂದು ನಗುತ್ತಿದ್ದರು. ಮಹಾನಂದಾ ಕೂಡ ನಗುತ್ತಿದ್ದಳು. ಪೂಜಾರಿಗೆಂದೇ ಒಂದು ಪಟ್ಟು ಮಾಡಿದಳು: ಸುತ್ತು ಮುಕ್ಕಾಲು ಮುಗಿದು, ಅದು ಬೆನ್ನು ತೋರಿಸುವ ಗಳಿಗೆಯಲ್ಲಿ ಹೊಡೆಯುವುದು. ಸುತ್ತು ಬರುವ ರಿಪೇರಿಯವನನ್ನು ಹುಟ್ಟಿದಾಗಿನಿಂದ ನೋಡಿದವಳಿಗೆ ಗುರುತು ಸಿಗಲಿಲ್ಲವೇ ಎಂದು ನೀವು ಕೇಳಬಹುದು. ಅವಳೂ ಆಮೇಲೆ ಎಷ್ಟೋ ದಿನ ಅದನ್ನೇ ಕೇಳಿಕೊಂಡಳು. ಗೆಲ್ಲುವ ಹುಮ್ಮಸ್ಸಿನಲ್ಲಿದ್ದ ಕಣ್ಣಿಗೆ ಕಾಣುವುದು ಬೆನ್ನು ಮಾತ್ರ.

ಫೈನಲ್ಲಿಗೆ ಹನ್ನೊಂದು ದಿನ ಇದ್ದಾಗ ಸಂಘದಿಂದ ಕಾಗದ ಬಂತು. ವ್ಯೂಹ ಹೇಳಿಕೊಡುವವರಿಗೆ ಮಾತ್ರ, ಗೋಪ್ಯ ಎಂದು ಮೇಲೆ ಬರೆದಿತ್ತು. ರಿಪೇರಿ ಹಡಗುಗಳನ್ನು ನಡೆಸುತ್ತಿರುವವರು ಲಕ್ವಾದಿಂದ ಚೇತರಿಸಿಕೊಳ್ಳುತ್ತಿರುವ ರೋಗಿಗಳು, ಕುಂಟೆತ್ತು ಆಟ ಹಬ್ಬಿದ ಮೇಲೆ ಅವರ ಕೈಗಳು ಹಿಂದೆ ಸರಿಯುತ್ತಿವೆ, ದಯವಿಟ್ಟು ಈ ವ್ಯೂಹವನ್ನು ಕೈಬಿಡಿ ಎಂದು ಅದರಲ್ಲಿತ್ತು. ನಿಯಮ ಮಾಡಿದರೆ ಗುಟ್ಟು ಬಯಲಾಗುತ್ತದೆ, ಆದ್ದರಿಂದ ತಮ್ಮ ವಿವೇಚನೆಗೆ ಬಿಟ್ಟಿದ್ದೇವೆ ಎಂದೂ ಇತ್ತು.

ಮಹಾನಂದಾ ಎರಡು ಸಲ ಓದಿದಳು. ಕೈಚೇತನ ಕೇಂದ್ರ, ಹೇಳಬಾರದ ಕೆಲಸ, ‘ಒಂದೂ ಹೋಗಲಿಲ್ಲ’ — ಎಲ್ಲ ಒಂದರ ಪಕ್ಕ ಒಂದು ಬಂದು ನಿಂತವು. ಅವಳು ಅವನ್ನು ನಿಲ್ಲಲು ಬಿಡಲಿಲ್ಲ. ಇಡೀ ರಾಜ್ಯದಲ್ಲಿ ಅಂಥ ಕೇಂದ್ರ ಎಷ್ಟಿವೆಯೋ, ಎಷ್ಟು ನೂರು ರೋಗಿಗಳೋ, ನಮ್ಮಪ್ಪನೇ ಯಾಕಾಗಬೇಕು ಎಂದುಕೊಂಡಳು. ತಾನು ನಿಲ್ಲಿಸಿದರೂ ಫೈನಲ್ಲಿನಲ್ಲಿ ಎದುರಿಗಿರುವ ಬಳ್ಳಾರಿಯವರು ನಿಲ್ಲಿಸುತ್ತಾರೆಯೇ ಎಂದುಕೊಂಡಳು. ಕಾಗದವನ್ನು ಮೇಜಿನ ಡ್ರಾಯರಿನಲ್ಲಿ ಹಾಕಿ ಮೇಲೆ ಹಳೆಯ ನಕ್ಷೆಗಳನ್ನಿಟ್ಟಳು. ಅಲ್ತಾಫನಿಗೂ ಹೇಳಲಿಲ್ಲ.

ಮನೆಗೆ ಬಂದರೆ ಅಪ್ಪ ಜಗಲಿಯ ಮೇಲಿದ್ದರು. ‘ಅಪ್ಪಾ, ಅಲ್ಲಿ ಏನ ಕೆಲ್ಸ ಮಾಡ್ತಿ?’ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ನಿಯಮ ಮುರಿದಾದರೂ ಹೇಳುತ್ತಿದ್ದರೇನೋ, ಹೇಳದಿದ್ದರೆ ಮುಖವಾದರೂ ಹೇಳುತ್ತಿತ್ತು. ಕೇಳಿದರೆ ಗೊತ್ತಾಗುತ್ತದೆ, ಗೊತ್ತಾದರೆ ಬಿಡಬೇಕಾಗುತ್ತದೆ. ಅದಕ್ಕೇ ಕೇಳಲಿಲ್ಲ. ಹನ್ನೊಂದು ದಿನ ದಿನಾ ಬೆಳಿಗ್ಗೆ ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗುವಾಗ ಕೇಳಲಿಲ್ಲ. ಅವರ ಎಡಗೈ ಅವಳ ಹೆಗಲ ಮೇಲಿರುತ್ತಿತ್ತು.

ಜೂನ್ ಕೊನೆಯ ಭಾನುವಾರ ಫೈನಲ್. ಹುಬ್ಬಳ್ಳಿಯ ಸಭಾಂಗಣದಲ್ಲೇ, ಎರಡು ಸಾವಿರ ಜನರ ಎದುರು. ಆಟ ಶುರುವಾಗಿ ಅರ್ಧ ತಾಸಾದರೂ ಬಳ್ಳಾರಿಯವರು ಹುಬ್ಬಳ್ಳಿಯ ಒಂದು ರಿಪೇರಿ ಹಡಗನ್ನೂ ಮುಟ್ಟಿರಲಿಲ್ಲ. ಎರಡು ಸಲ ಅವು ಅವರ ಗುರಿಗೆ ನೇರ ಸಿಕ್ಕವು, ಎರಡು ಸಲವೂ ಬಿಟ್ಟರು. ಜನ ‘ಬಳ್ಳಾರಿಯವ್ರ ಕಣ್ಣಿಗೇನಾಗೈತಿ’ ಎಂದು ನಕ್ಕರು. ಸಂಘದ ಕಾಗದಕ್ಕೆ ಅವರು ತಲೆಬಾಗಿದ್ದಾರೆ ಎಂದು ಮಹಾನಂದಾಳಿಗೆ ಗೊತ್ತಾಯಿತು. ಆದರೂ ಅವಳ ತಂಡ ಆಗಲೇ ಬಳ್ಳಾರಿಯ ಮೂರು ರಿಪೇರಿ ಹಡಗು ಕೆಡವಿತ್ತು. ಇನ್ನೊಂದು ಬಿದ್ದರೆ ಆಟ ಮುಗಿದಂತೆ.

ನಾಲ್ಕನೆಯದಾಗಿ ಬಂದದ್ದು ಪೂಜಾರಿ.

ಆ ದಿನದ ಪರದೆ ಗೋಡೆಯಷ್ಟು ದೊಡ್ಡದು. ಕೋಣೆಯ ಸಣ್ಣ ಪರದೆಯಲ್ಲಿ ಎಂದೂ ಕಾಣದ್ದು ಅಲ್ಲಿ ಕಂಡಿತು. ಪೂಜಾರಿ ಹಡಗು ಸುಮ್ಮನೆ ಸುತ್ತುತ್ತಿರಲಿಲ್ಲ. ಪ್ರತಿ ಮೂಲೆಗೆ ಬಂದಾಗಲೂ ಉದ್ದನೆಯ ಕೈ ನಡುಗುತ್ತ ಚಾಚಿಕೊಂಡು ಕುಂಟ ಹಡಗಿನ ಮೈಗೆ ಮೂರು ಸಲ ತಟ್ಟಿ, ಒಂದು ಗಳಿಗೆ ನಿಲ್ಲುತ್ತಿತ್ತು, ಕಿವಿಗೊಟ್ಟಂತೆ. ಆಟದಲ್ಲಿ ಅದಕ್ಕೆ ಸದ್ದು ಕೊಟ್ಟಿರಲಿಲ್ಲ. ಮಹಾನಂದಾಳಿಗೆ ಕೇಳಿಸಿತು. ಠಣ್, ಠಣ್, ಠಣ್.

‘ಮೇಡಂ, ಪೂಜಾರಿ ಬೆನ್ನ ತೋರಿಸಾಕತ್ತಾನ. ಹೊಡೀಲ್ಯಾ?’ ಎಂದ ಅಲ್ತಾಫ.

ಇಲ್ಲಿ ಅವಳ ಪರವಾಗಿ ಏನಾದರೂ ಹೇಳಬಹುದಿತ್ತು. ಗಾಬರಿಯಾಯಿತು, ಹೊತ್ತಿರಲಿಲ್ಲ, ಬಾಯಿ ತಪ್ಪಿತು ಎಂದೆಲ್ಲ. ಹೊತ್ತಿತ್ತು. ಎರಡು ಸೆಕೆಂಡು ಪೂರ್ತಿ ಇತ್ತು. ಬೇಡ ಎನ್ನಲು ಅರ್ಧ ಸೆಕೆಂಡು ಸಾಕು. ಅದು ಅಪ್ಪ ಎಂದು ಅವಳಿಗೆ ಗೊತ್ತಿತ್ತು, ಎರಡು ಸಾವಿರ ಜನ ಅವಳ ಹೆಸರು ಕೂಗುತ್ತಿದ್ದದ್ದೂ ಕೇಳಿಸುತ್ತಿತ್ತು.

‘ಹೊಡಿ’ ಎಂದಳು.

ಕಪ್ ಕೊಟ್ಟರು, ಹಾರ ಹಾಕಿದರು, ಪೇಟ ಸುತ್ತಿದರು. ಬಳ್ಳಾರಿಯ ವ್ಯೂಹಗಾರ ಹೊನ್ನೂರಸ್ವಾಮಿ, ತಲೆ ನರೆತ ತೆಳು ಮನುಷ್ಯ, ಬಂದು ಕೈ ಕುಲುಕಿ ಮೆಲ್ಲಗೆ ಒಂದೇ ಮಾತು ಕೇಳಿದ. ‘ಸಂಘದ ಕಾಗದ ನಿಮಗ ಮುಟ್ಟಿರಲಿಲ್ಲೇನ್ರಿ ಮೇಡಂ?’

‘ಇಲ್ಲ’ ಎಂದಳು ಮಹಾನಂದಾ.

‘ಹಂಗ ಅನ್ಕೊಂಡೆ’ ಎಂದ ಆತ, ನಂಬಿ. ಅವನು ನಂಬಿದ್ದೇ ಅವಳನ್ನು ಹೆಚ್ಚು ಸುಟ್ಟಿತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನುತ್ತಾರಲ್ಲ, ಅದು ಬರೀ ಮಾತಲ್ಲ ಎಂದು ಪೇಟ ಹೊತ್ತು ನಿಂತಾಗ ತಿಳಿಯಿತು.

ಮನೆಗೆ ಬಂದಾಗ ಓಣಿಯವರೆಲ್ಲ ಜಗಲಿಯ ಮುಂದಿದ್ದರು. ಆರತಿ ಆಯಿತು, ಪೇಢೆ ಹಂಚಿದ್ದಾಯಿತು. ಅಪ್ಪ ಕಪ್ಪನ್ನು ಎಡಗೈಯಿಂದ ಸವರಿ ‘ಛಲೋ ಆತವಾ’ ಎಂದರು. ಜನ ಹೋದ ಮೇಲೆ ಅವ್ವ ಅಡುಗೆಮನೆಗೆ ಕರೆದು ಹೇಳಿದಳು. ‘ನಾಳಿಂದ ಕೇಂದ್ರಕ್ಕ ಹೋಗಂಗಿಲ್ಲಂತ. ಡಾಕ್ಟರು ಎಷ್ಟ ಹೇಳಿದ್ರೂ ಕೇಳವಲ್ರು. ಇನ್ನ ಹದಿನೆಂಟ ದಿನ ಅಷ್ಟ ಉಳದಾವು ಆರು ತಿಂಗಳಿಗೆ. ಈಗ ಬಿಟ್ರ ಕೈ ಬರೂದಿಲ್ಲಂತ. ನೀ ಹೇಳವಾ, ನಿನ್ನ ಮಾತು ಕೇಳ್ತಾರ.’

ನಿನ್ನ ಮಾತು ಕೇಳ್ತಾರ. ಮಹಾನಂದಾ ಆ ಸಂಜೆ ಊಟ ಮಾಡಲಿಲ್ಲ.

ಮರುದಿನ ಹತ್ತೂವರೆಗೆ ಸ್ಕೂಟರು ಹೊರಗೆ ನಿಂತಿತ್ತು, ಅಪ್ಪ ಜಗಲಿ ಬಿಟ್ಟು ಏಳಲಿಲ್ಲ. ಅವಳು ಎದುರಿಗೆ ನೆಲದ ಮೇಲೆ ಕೂತಳು.

‘ಅಪ್ಪಾ, ನಿನ್ನ ಕೆಲ್ಸ ಕೆಡಿಸಿದಾಕಿ ನಾನ.’

ಮೌನೇಶಪ್ಪ ಅವಳತ್ತ ತಿರುಗಿದರು.

‘ಸುತ್ತು ಹಾಕೋದು ನೋಡಿ ಗುರ್ತ ಹಿಡದ್ಯಾ?’

‘ಹೂಂ.’

‘ಹೊಡಿಯೂಕಿಂತ ಮೊದಲೋ, ಹೊಡದ ಮ್ಯಾಲೋ?’

ಹೊನ್ನೂರಸ್ವಾಮಿಗೆ ಹೇಳಿದಂತೆ ಇಲ್ಲೂ ಒಂದು ಸುಳ್ಳು ನಾಲಿಗೆಯ ತುದಿಯಲ್ಲಿತ್ತು. ಅವಳು ಅದನ್ನು ನುಂಗಿದಳು. ‘ಮೊದಲ’ ಎಂದಳು. ಆಮೇಲೆ ಕಾಗದದ ಮಾತನ್ನೂ ಹೇಳಿದಳು. ಅಳಲಿಲ್ಲ, ಅಳುವ ಹಕ್ಕು ತನಗಿಲ್ಲ ಎನಿಸಿತು.

ಅಪ್ಪ ಎಡಗೈಯಿಂದ ಬಲಗೈಯನ್ನು ಎತ್ತಿ ಇನ್ನೊಂದು ತೊಡೆಯ ಮೇಲಿಟ್ಟುಕೊಂಡರು. ‘ಆಟದಾಗ ಹೊಡದಿ, ಆತು. ಕಾಗದ ಮುಚ್ಚಿಟ್ಟಿ ನೋಡು, ಅದು ಆಟ ಅಲ್ಲ. ಅಲ್ಲಿ ನಾ ಒಬ್ಬನ ಇಲ್ಲವಾ. ಹದಿನಾಲ್ಕ ಮಂದಿ ಅದೀವಿ.’ ಗೋಡೆ ಹಿಡಿದು ಎದ್ದರು. ‘ನಡಿ. ಸ್ಟೂಲ್ ಹತ್ತು.’

ಕೇಂದ್ರದಲ್ಲಿ ಅದು ಚಹಾದ ಹೊತ್ತು. ಹದಿಮೂರು ಜನ ಗವಸು ತೆಗೆದು ಕೂತಿದ್ದರು. ಬಸ್ಸಿನ ಡ್ರೈವರು ಒಬ್ಬ, ಟೇಲರು ಒಬ್ಬ, ಮಾತೇ ಹೋದ ಶಾಲೆಯ ಮಾಸ್ತರು ಒಬ್ಬರು, ದುರ್ಗದಬೈಲಿನಲ್ಲಿ ಹೂ ಕಟ್ಟುತ್ತಿದ್ದ ಪಾರವ್ವ. ಬೆನಕಟ್ಟಿ ಮೇಡ‌ಮ್ಮಿಗೆ ವಿಷಯ ತಿಳಿದು ಮುಖ ಬಿಳಚಿತು, ಆದರೆ ತಡೆಯಲಿಲ್ಲ. ಮಹಾನಂದಾ ಸ್ಟೂಲಿನ ಮೇಲೆ ನಿಂತಳು.

‘ನಾನು ಮಹಾನಂದಾ ಮೌನೇಶಪ್ಪ ಬಡಿಗೇರ. ನಿಮ್ಮ ಹಡಗುಗಳನ್ನ ಹೆಂಗ ಹೊಡೀಬೇಕು ಅಂತ ಎಲ್ಲಾರಿಗೂ ಬರದು ಹಂಚಿದಾಕಿ ನಾನ. ಅವಾಗ ಗೊತ್ತಿರಲಿಲ್ಲ. ಆಮ್ಯಾಲೆ ಗೊತ್ತಾತು. ಗೊತ್ತಾದ ಮ್ಯಾಲೂ ಹೊಡದೆ. ತಪ್ಪು ನಂದು.’

ಯಾರೂ ಬೈಯಲಿಲ್ಲ. ಬೈಯಬಾರದೆಂಬ ರೂಢಿ ಅವರಿಗೆ ತಿಳಿಯದು. ಬೈಯಬೇಕೆನಿಸಲಿಲ್ಲವೋ, ಬೈಗುಳ ಸಾಲಲಿಲ್ಲವೋ. ಅವಳು ಇಳಿದಳು. ಚಹಾ ಕೊಡಲು ಯಾರೂ ಏಳಲಿಲ್ಲ. ಮೌನೇಶಪ್ಪ ನೆಲ ನೋಡುತ್ತಿದ್ದರು, ಕಿವಿ ಕೆಂಪಾಗಿತ್ತು, ಸ್ಟೂಲ್ ಹತ್ತಿದವರು ತಾವೇ ಎಂಬಂತೆ.

ಕೊನೆಗೆ ಪಾರವ್ವ ಬಾಯಿಬಿಟ್ಟಳು. ‘ನಾ ನಲವತ್ತ ಸಲ ಸತ್ತೀನವಾ ನಿನ್ನ ಕೈಯಾಗ. ಎಣಿಸೀನಿ. ಚಹಾ ಕುಡದ ಹೋಗು. ನನಗ ಕೈ ಬರೂದಿಲ್ಲ, ಕಿಟ್ಲಿ ಅಲ್ಲೈತಿ, ನೀನ ಹಾಕ್ಕೋ.’

ಮಹಾನಂದಾ ತಾನೇ ಹಾಕಿಕೊಂಡು ನಿಂತೇ ಕುಡಿದಳು. ಚಹಾ ತಣ್ಣಗಾಗಿತ್ತು.

ಅದೇ ದಿನ ಮೌನೇಶಪ್ಪ ಮತ್ತೆ ಗವಸು ಹಾಕಿಸಿಕೊಂಡರು. ಮಗಳ ಮಾತಿಗಲ್ಲ, ಉಳಿದ ಹದಿಮೂರು ಜನ ನೋಡುತ್ತಿದ್ದರೆಂದು. ಮಹಾನಂದಾ ಕಪ್ಪನ್ನು ಸಂಘಕ್ಕೆ ಮರಳಿಸಿದಳು, ಹೊನ್ನೂರಸ್ವಾಮಿಗೆ ಸುಳ್ಳು ಹೇಳಿದ್ದನ್ನು ಬರೆದು ತಿಳಿಸಿದಳು, ಹದಿನಾಲ್ಕು ಪುಟಗಳನ್ನು ಅಳಿಸಿದಳು. ಸಂಘದ ಪಂದ್ಯಗಳಲ್ಲಿ ಕುಂಟೆತ್ತು ನಿಂತಿತು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮನೆಮನೆಯಲ್ಲಿ ಆಡುವ ಲಕ್ಷಾಂತರ ಜನರ ಬಳಿ ಆ ಪುಟಗಳಿದ್ದವು. ಅವರಿಗೆ ಗುಟ್ಟು ಹೇಳುವಂತಿರಲಿಲ್ಲ. ಅವರು ಹೊಡೆಯುತ್ತಲೇ ಇದ್ದರು. ಹದಿನಾಲ್ಕು ಜನ ಬೇರೊಂದು ಉಪಾಯ ಕಲಿತರು: ಬೇಗ ಬರುವುದು, ಕಂಡಷ್ಟು ಬೆಸೆಯುವುದು, ಓಡುವುದು. ಕೆಲಸ ಪೂರ್ತಿಯಾಗದಿದ್ದರೂ ಆಗುತ್ತಿತ್ತು. ಹದಿನೆಂಟು ದಿನದಲ್ಲಿ ಮುಚ್ಚಿಹೋಗಲಿದ್ದ ದಾರಿ ಸಣ್ಣದಾಗಿ ಉಳಿಯಿತು. ದಸರಾ ಹೊತ್ತಿಗೆ ಮೌನೇಶಪ್ಪನ ಬಲಗೈ ನಟ್ಟು ತಿರುಗಿಸುವ ಪಾನಾ ಹಿಡಿಯುವಷ್ಟು, ತಡವರಿಸುತ್ತ ಸಹಿ ಹಾಕುವಷ್ಟು ಬಂತು. ಅರ್ಧ ಕೈ ಎನ್ನಿ. ಬೆನಕಟ್ಟಿ ಮೇಡಂ ಇದೇ ದೊಡ್ಡದು ಎಂದರು.

ಆಯುಧ, ಗಾಡಿಗಳನ್ನು ಪೂಜಿಸುವ ಖಂಡೇ ಪೂಜೆಯ ಹಿಂದಿನ ದಿನ ಸ್ಕೂಟರನ್ನು ಬಿಚ್ಚಿ ಬಿಗಿದು ಒರೆಸುವುದು ಪ್ರತಿ ವರ್ಷ ಅಪ್ಪನದೇ ಕೆಲಸ. ಆ ವರ್ಷವೂ ‘ನಾನ ಮಾಡ್ತೀನಿ, ಯಾರೂ ಮುಟ್ಟಬ್ಯಾಡ್ರಿ’ ಎಂದರು. ಅವ್ವ ಬಾಗಿಲಲ್ಲಿ, ಮಹಾನಂದಾ ಜಗಲಿಯ ಮೇಲೆ. ಅಪ್ಪ ಪಾನಾವನ್ನು ಬಲಗೈಯಲ್ಲಿ ಹಿಡಿದುಕೊಂಡು ಅಂಗಳಕ್ಕಿಳಿದರು. ನೇರ ಸ್ಕೂಟರಿನ ಎದುರಿಗೆ ಹೋಗಿ ಕುಕ್ಕರಿಸಿ ಕೂತು ಮುಂದಿನ ಗಾಲಿಯ ನಟ್ಟಿಗೆ ಪಾನಾ ಹಾಕಿದರು.

‘ಅಪ್ಪಾ, ಒಂದ್ ಸುತ್ತು…’ ಎಂದಳು ಮಹಾನಂದಾ.

‘ಬ್ಯಾಡವಾ’ ಎಂದರು ಅವರು, ತಲೆ ಎತ್ತದೆ, ಅವಸರವಾಗಿ ತಿರುಗಿಸುತ್ತ. ‘ಅಷ್ಟ ಹೊತ್ತ ಕೊಡಂಗಿಲ್ಲ ಅವರು.’

ಹೇಳಿದ ಮೇಲೆ ತಾವೇ ಒಂದು ಗಳಿಗೆ ಕೈ ನಿಲ್ಲಿಸಿದರು. ಅಂಗಳದಲ್ಲಿ ಯಾವ ಅವರೂ ಇರಲಿಲ್ಲ. ಮತ್ತೆ ಮುಂದುವರಿಸಿದರು. ಕಾಲು ತಾಸಿನಲ್ಲಿ ಮುಗಿಸಿ, ಮುಖ ಅರಳಿಸಿಕೊಂಡು ‘ಒಂದು ಗಾಡಿ ಬಿಟ್ಟೆ’ ಎಂದರು.

ಹಬ್ಬ ಮುಗಿದ ಮರುದಿನ ಮಹಾನಂದಾ ಅದೇ ಸ್ಕೂಟರಿನಲ್ಲಿ ಗದಗ ರಸ್ತೆಯಲ್ಲಿ ಹೋಗುವಾಗ ಹಿಂದಿನಿಂದ ಕಟಕಟ ಸದ್ದು ಬಂತು. ನಿಲ್ಲಿಸಿ ಇಳಿದಳು. ಸುತ್ತು ಬಂದು ನೋಡಿದಳು. ಹಿಂದಿನ ಗಾಲಿಯ ಆ ಬದಿಯ ನಟ್ಟು ಸಡಿಲವಾಗಿ, ಇನ್ನೆರಡು ಸುತ್ತು ತಿರುಗಿದರೆ ಕಳಚಿಕೊಳ್ಳುವಂತಿತ್ತು. ನಲವತ್ತೊಂದು ವರ್ಷದಲ್ಲಿ ಒಂದೇ ಸಲ ಸ್ಟೂಲ್ ಹತ್ತಿದವರು ಬಿಟ್ಟ ಗಾಡಿ ಅದು.

ಅವಳು ರಸ್ತೆಯ ಬದಿಗೆ ಕೂತು ನಟ್ಟನ್ನು ಬಿಗಿ ಮಾಡಿದಳು. ಹೋಗಿ ಬರುವವರು ನೋಡುತ್ತಿದ್ದರು. ಯಾರ ಮುಖವನ್ನೂ ನೋಡಲು ಅವಳಿಗಾಗಲಿಲ್ಲ. ಎದ್ದು ಇನ್ನೊಂದು ಸುತ್ತು ಬಂದು, ಎರಡೂ ಗಾಲಿಗೆ ಮೂರು ಮೂರು ಸಲ ತಟ್ಟಿ, ಮನೆಗೆ ಹೋದಳು.

‘ಗಾಡಿ ಹೆಂಗ ಓಡತೈತಿ?’ ಎಂದು ಕೇಳಿದರು ಅಪ್ಪ, ಬಲಗೈಯಲ್ಲಿ ಚಹಾದ ಲೋಟ ಹಿಡಿದುಕೊಂಡು.

‘ಮಸ್ತ್ ಓಡತೈತಪ್ಪಾ’ ಎಂದು ಹೇಳಿ, ಮಹಾನಂದಾ ಎಣ್ಣೆ ಹತ್ತಿದ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಒಳಗೆ ಹೋದಳು.